ಅಕ್ಷಿಪಟಲದ ರಕ್ತನಾಳ ಕಟ್ಟಿಕೊಂಡಾಗ: ಸ್ಕ್ಯಾನ್ ಚಿತ್ರವೂ ಮರಳುವ ದೃಷ್ಟಿಯೂ

ನಮ್ಮ ನಾಡಿನಲ್ಲಿ ವಯಸ್ಸಾದವರ ಕಣ್ಣು ಮಂಜಾಯಿತೆಂದರೆ ಮನೆಯವರ ಬಾಯಿಗೆ ಮೊದಲು ಬರುವ ಮಾತು ‘ಪೊರೆ ಬಂದಿರಬೇಕು’ ಎಂಬುದೇ. ಹೀಗೆಂದುಕೊಳ್ಳುವುದು ಸಹಜವೂ ಹೌದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದ ಕಾಲದಿಂದಲೂ, ಕಣ್ಣಿನ ಕಾಯಿಲೆಯೆಂದರೆ ಪೊರೆ, ಚಿಕಿತ್ಸೆಯೆಂದರೆ ಒಂದು ಶಸ್ತ್ರಕ್ರಿಯೆ, ಅದಾದ ಮೇಲೆ ಮತ್ತೆ ಬೆಳಕು ಎಂಬ ತಿಳಿವಳಿಕೆ ಜನಮನದಲ್ಲಿ ನೆಲೆಯೂರಿದೆ. ಪೊರೆಗೆ ಅಷ್ಟೊಂದು ಅವಸರವಿಲ್ಲ. ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ, ಜಾತ್ರೆ ಕಳೆಯಲಿ ಎಂದು ಕೆಲವು ತಿಂಗಳು ತಡೆದರೂ ಬಹುಮಟ್ಟಿಗೆ ಹಾನಿಯಾಗುವುದಿಲ್ಲ. ಆದರೆ ಇದೇ ಲೆಕ್ಕವನ್ನು ಅಕ್ಷಿಪಟಲದ ಕಾಯಿಲೆಗಳಿಗೂ ಹಚ್ಚಿದರೆ ನೋಟವನ್ನೇ ಕಳೆದುಕೊಳ್ಳಬೇಕಾದೀತು. ಅಂಥ ಕಾಯಿಲೆಗಳಲ್ಲಿ ಒಂದಾದ ಅಕ್ಷಿಪಟಲದ ಅಭಿಧಮನಿಯ ತಡೆಯನ್ನು ಕುರಿತು, ಅದರಲ್ಲಿಯೂ ಆ ಕಾಯಿಲೆಯಲ್ಲಿ ತೆಗೆಯುವ ಸ್ಕ್ಯಾನ್ ಚಿತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಕುರಿತು, ಈ ಸಂಚಿಕೆಯಲ್ಲಿ ಸದ್ಭಕ್ತರೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಈ ವಿಷಯವನ್ನು ಆರಿಸಿಕೊಳ್ಳಲು ಒಬ್ಬ ನಿವೃತ್ತ ಶಿಕ್ಷಕರು ಕಾರಣರು. ಒಂದು ಮುಂಜಾನೆ ದಿನಪತ್ರಿಕೆ ಹಿಡಿದು ಕುಳಿತಾಗ ಅವರ ಬಲಗಣ್ಣಿಗೆ ಸಾಲುಗಳ ನಡುಭಾಗ ಮಸಿ ಚೆಲ್ಲಿದಂತೆ ಕಂಡಿತು. ನೋವಿಲ್ಲ, ಕೆಂಪಿಲ್ಲ, ಕಣ್ಣೀರಿಲ್ಲ. ಎಡಗಣ್ಣು ಚೆನ್ನಾಗಿದ್ದುದರಿಂದ ಓಡಾಟಕ್ಕೂ ತೊಂದರೆಯಾಗಲಿಲ್ಲ. ಮೂರು ವಾರ ಕಳೆದ ಮೇಲೆ ನಮ್ಮಲ್ಲಿಗೆ ಬಂದರು. ರಕ್ತದೊತ್ತಡ 180/100 ಇತ್ತು. ಅದಕ್ಕೆ ಹಿಂದೆಯೇ ಯಾರೋ ಮಾತ್ರೆ ಬರೆದುಕೊಟ್ಟಿದ್ದರು. ತಲೆ ತಿರುಗುವುದು ನಿಂತಿತೆಂದು ಇವರು ಮಾತ್ರೆಯನ್ನೂ ನಿಲ್ಲಿಸಿದ್ದರು. ಸ್ಕ್ಯಾನ್ ತೆಗೆದಾಗ ಅಕ್ಷಿಪಟಲದ ನಡುಭಾಗ ಊದಿಕೊಂಡಿರುವುದು ಕಂಡಿತು. ಕಣ್ಣಿನೊಳಗೆ ಚುಚ್ಚುಮದ್ದು ಆರಂಭಿಸಿದೆವು. ಎರಡನೆಯ ಚುಚ್ಚುಮದ್ದಿನ ಬಳಿಕ ತೆಗೆದ ಚಿತ್ರ ಬಹಳ ಚೆನ್ನಾಗಿತ್ತು. ನಾವು ಸಂತೋಷದಿಂದ ‘ನೀರು ಪೂರ್ತಿ ಒಣಗಿದೆ’ ಎಂದೆವು. ಮುಂದಿನ ಭೇಟಿಯ ದಿನಾಂಕವನ್ನು ಚೀಟಿಯಲ್ಲಿ ಬರೆದಿದ್ದೆವಾದರೂ ಅದನ್ನು ಬಾಯಿಬಿಟ್ಟು ಒತ್ತಿ ಹೇಳಲಿಲ್ಲ. ಅವರು ಐದು ತಿಂಗಳು ಬರಲಿಲ್ಲ. ಬಂದಾಗ ಊತ ಮೊದಲಿಗಿಂತ ಹೆಚ್ಚಾಗಿತ್ತು. ‘ನೀವ ಹೇಳಿದ್ರೆಲ್ರೀ ಸಾಹೇಬ್ರ, ನೀರು ಪೂರಾ ಒಣಗೇತಿ ಅಂತ’ ಎಂದರು. ಹೇಳಿದ್ದು ನಾವೇ. ಮತ್ತೆ ಚಿಕಿತ್ಸೆ ನಡೆಯಿತು, ಚಿತ್ರದಲ್ಲಿ ಊತ ಮತ್ತೆ ಇಳಿಯಿತು, ಆದರೆ ನೋಟ ಮೊದಲ ಸಲದಷ್ಟು ಮರಳಲಿಲ್ಲ.

ಒಣಗಿದ ಚಿತ್ರ ಬೇರೆ, ಗುಣವಾದ ಕಾಯಿಲೆ ಬೇರೆ, ಮರಳಿದ ನೋಟ ಬೇರೆ. ಈ ಮೂರನ್ನೂ ಒಂದೆಂದು ಭಾವಿಸಿದುದರಿಂದ ಆ ಹಿರಿಯರಿಗೆ ನಷ್ಟವಾಯಿತು. ಒಂದೆಂಬಂತೆ ಮಾತನಾಡಿದುದು ನಮ್ಮ ತಪ್ಪು.

ಕಟ್ಟಿಕೊಂಡ ಬಸಿಗಾಲುವೆ

ಕಣ್ಣುಗುಡ್ಡೆಯ ಹಿಂಬದಿಯ ಒಳಗೋಡೆಗೆ ಹಾಸಿದಂತಿರುವ ತೆಳುವಾದ ಪೊರೆಯೇ ಅಕ್ಷಿಪಟಲ; ಆಸ್ಪತ್ರೆಗಳಲ್ಲಿ ಇದನ್ನು ರೆಟಿನಾ ಎನ್ನುತ್ತಾರೆ. ನಟ್ಟನಡುವೆ ಇದರ ದಪ್ಪ ಒಂದು ಮಿಲಿಮೀಟರಿನ ಕಾಲುಭಾಗ ಮಾತ್ರ, ಅಂದರೆ ಸುಮಾರು 250 ಮೈಕ್ರಾನ್. ಇಷ್ಟು ತೆಳುವಿನಲ್ಲಿಯೂ ಹತ್ತು ಪದರಗಳನ್ನು ಗುರುತಿಸಿದ್ದಾರೆ. ತಳದ ಪದರದಲ್ಲಿರುವ ಕೋಶಗಳು ಬೆಳಕನ್ನು ಹಿಡಿಯುತ್ತವೆ, ಮೇಲಿನ ಪದರಗಳು ಆ ಸಂಕೇತವನ್ನು ದೃಷ್ಟಿನರಕ್ಕೆ ಸಾಗಿಸುತ್ತವೆ. ನಡುವಿನ ಚಿಕ್ಕ ಭಾಗಕ್ಕೆ ಮ್ಯಾಕ್ಯುಲಾ ಎಂದು ಹೆಸರು. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರು ಬಂದವರ ಮುಖ ಗುರುತಿಸುವುದು ಎಲ್ಲವೂ ಈ ಭಾಗದ ಕೆಲಸ.

ಅಕ್ಷಿಪಟಲಕ್ಕೆ ಶುದ್ಧ ರಕ್ತವನ್ನು ತರುವುದು ಅಪಧಮನಿ, ಬಳಕೆಯಾದ ರಕ್ತವನ್ನು ಹೊರಗೊಯ್ಯುವುದು ಅಭಿಧಮನಿ. ಇವೆರಡೂ ಒಂದನ್ನೊಂದು ದಾಟುವ ಎಡೆಗಳಲ್ಲಿ ಎರಡಕ್ಕೂ ಸೇರಿ ಒಂದೇ ಹೊರಕವಚವಿರುತ್ತದೆ. ವರ್ಷಗಟ್ಟಲೆ ಹೆಚ್ಚಿನ ರಕ್ತದೊತ್ತಡವನ್ನು ತಾಳಿಕೊಂಡು ಗಟ್ಟಿಯಾದ ಅಪಧಮನಿಯು ಪಕ್ಕದ ಮೃದುವಾದ ಅಭಿಧಮನಿಯನ್ನು ಒತ್ತುತ್ತದೆ. ಅಲ್ಲಿ ಹರಿವು ಕೆಡುತ್ತದೆ, ರಕ್ತ ಸುಳಿಗಟ್ಟುತ್ತದೆ, ಕೊನೆಗೆ ಹೆಪ್ಪಾಗಿ ನಿಲ್ಲುತ್ತದೆ. ಶಾಖೆಯೊಂದು ಕಟ್ಟಿದರೆ ಅಕ್ಷಿಪಟಲದ ಒಂದು ಭಾಗಕ್ಕಷ್ಟೇ ಪೆಟ್ಟು. ಎಲ್ಲ ಶಾಖೆಗಳೂ ಕೂಡಿ ಆಗುವ ಕೇಂದ್ರ ಅಭಿಧಮನಿಯೇ ದೃಷ್ಟಿನರದೊಳಗೆ ಕಟ್ಟಿಕೊಂಡರೆ ಇಡೀ ಅಕ್ಷಿಪಟಲ ರಕ್ತದ ಕಲೆಗಳಿಂದ ತುಂಬುತ್ತದೆ. ಅಕ್ಷಿಪಟಲದ ರಕ್ತನಾಳಗಳ ಕಾಯಿಲೆಗಳಲ್ಲಿ ಮಧುಮೇಹದಿಂದಾಗುವುದನ್ನು ಬಿಟ್ಟರೆ ಹೆಚ್ಚು ಕಾಣುವುದು ಇದೇ. 2015ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 89 ವರ್ಷದೊಳಗಿನ ಸುಮಾರು 2 ಕೋಟಿ 80 ಲಕ್ಷ ಜನರಿಗೆ ಈ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರದು ಶಾಖೆಯ ತಡೆ.

ತುಂಗಭದ್ರೆಯ, ಘಟಪ್ರಭೆಯ, ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವ ಭಕ್ತರಿಗೆ ಇದನ್ನು ತಿಳಿಸಲು ಹೆಚ್ಚು ಮಾತು ಬೇಡ. ಹೊಲಕ್ಕೆ ಕಾಲುವೆಯ ನೀರು ಬರುತ್ತಲೇ ಇದೆ, ಆದರೆ ಬಸಿಗಾಲುವೆ ಹೂಳು ತುಂಬಿ ಕಟ್ಟಿಕೊಂಡಿದೆ ಎನ್ನೋಣ. ನೀರು ನಿಲ್ಲುತ್ತದೆ, ನೆಲ ಜವಳಾಗುತ್ತದೆ, ಬೇರು ಕೊಳೆಯುತ್ತದೆ. ಅಕ್ಷಿಪಟಲದಲ್ಲಿ ಆಗುವುದೂ ಇಂಥದೇ. ಹಿಂದೆ ನಿಂತ ರಕ್ತದ ಒತ್ತಡಕ್ಕೆ ಕೂದಲಿಗಿಂತ ಸಣ್ಣ ಲೋಮನಾಳಗಳು ಒಡೆಯುತ್ತವೆ, ಸೋರುತ್ತವೆ. ಸೋರಿದ ದ್ರವ ಮ್ಯಾಕ್ಯುಲಾದಲ್ಲಿ ತುಂಬಿ ಊತವಾಗುತ್ತದೆ. ಜೊತೆಗೆ, ಆಮ್ಲಜನಕ ಸಾಲದೆ ಕಂಗೆಟ್ಟ ಅಕ್ಷಿಪಟಲವು ವಿ.ಇ.ಜಿ.ಎಫ್. ಎಂಬ ಒಂದು ಪ್ರೋಟೀನನ್ನು ಹೆಚ್ಚಾಗಿ ಹೊರಸೂಸುತ್ತದೆ. ಹೊಸ ರಕ್ತನಾಳಗಳನ್ನು ಕರೆಯುವುದು ಈ ಪ್ರೋಟೀನಿನ ಗುಣ. ಇರುವ ರಕ್ತನಾಳಗಳ ಗೋಡೆಯನ್ನು ಇನ್ನಷ್ಟು ಸೋರುವಂತೆ ಮಾಡುವುದೂ ಅದರ ಗುಣವೇ. ಇದನ್ನು 1989ರಲ್ಲಿ ಬೇರ್ಪಡಿಸಿ ತೋರಿಸಿದ ನೆಪೋಲಿಯೋನೆ ಫೆರಾರಾ ಅವರ ಕೆಲಸವೇ ಇಂದಿನ ಚುಚ್ಚುಮದ್ದುಗಳಿಗೆ ಬುನಾದಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಚುಚ್ಚುಮದ್ದು ಹೆಪ್ಪನ್ನು ಕರಗಿಸುವುದಿಲ್ಲ. ಅದು ವಿ.ಇ.ಜಿ.ಎಫ್. ಅನ್ನು ಹಿಡಿದುಕಟ್ಟಿ ಸೋರಿಕೆಯನ್ನು ತಡೆಯುತ್ತದೆ, ಅಷ್ಟೇ. ಔಷಧದ ಶಕ್ತಿ ಕೆಲವು ವಾರಗಳಲ್ಲಿ ಕುಂದುತ್ತದೆ. ಅಷ್ಟರಲ್ಲಿ ಅಕ್ಷಿಪಟಲವು ಪಕ್ಕದ ಸಣ್ಣ ನಾಳಗಳ ಮೂಲಕ ರಕ್ತಕ್ಕೆ ಬಳಸುದಾರಿ ಮಾಡಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ಊತ ಮರಳುತ್ತದೆ. ಶಿಕ್ಷಕರ ಕಣ್ಣಿನಲ್ಲಿ ಆದುದು ಅದೇ.

ಕಣ್ಣೊಳಗನ್ನು ಚಿತ್ರಿಸಿದ ಬಗೆ

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತಮ್ಮ ನೇತ್ರದರ್ಶಕವನ್ನು ಪ್ರಕಟಪಡಿಸುವವರೆಗೆ ಬದುಕಿರುವ ಮನುಷ್ಯನ ಅಕ್ಷಿಪಟಲವನ್ನು ವೈದ್ಯರು ಕಣ್ಣಾರೆ ಕಂಡಿರಲಿಲ್ಲವೆಂದರೆ ಇಂದು ಆಶ್ಚರ್ಯವಾಗುತ್ತದೆ. ಆ ಮೇಲಿನ ದೊಡ್ಡ ಹೆಜ್ಜೆಯನ್ನಿಟ್ಟವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಇಬ್ಬರು ವೈದ್ಯ ವಿದ್ಯಾರ್ಥಿಗಳು, ಹೆರಾಲ್ಡ್ ನೊವಾಟ್ನಿ ಮತ್ತು ಡೇವಿಡ್ ಆಲ್ವಿಸ್. ತೋಳಿನ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಬಣ್ಣವನ್ನು ಕೊಟ್ಟು, ಅದು ಕಣ್ಣಿನ ನಾಳಗಳಲ್ಲಿ ಹರಿಯುವಾಗ ಒಂದರ ಹಿಂದೊಂದು ಚಿತ್ರ ತೆಗೆಯುವ ವಿಧಾನವನ್ನು ಅವರು 1961ರಲ್ಲಿ ಪ್ರಕಟಿಸಿದರು. ರಕ್ತ ಎಲ್ಲಿ ತಡೆದಿದೆ, ಎಲ್ಲಿ ಸೋರುತ್ತಿದೆ, ಯಾವ ಭಾಗಕ್ಕೆ ತಲುಪುತ್ತಲೇ ಇಲ್ಲ ಎಂಬುದನ್ನು ಈ ಪರೀಕ್ಷೆ ಇಂದಿಗೂ ಚೆನ್ನಾಗಿ ತೋರಿಸುತ್ತದೆ. ಇದಾದ ಮೇಲೆ ಒಂದು ದಿನ ಮೈಬಣ್ಣವೂ ಮೂತ್ರವೂ ಹಳದಿಯಾಗುತ್ತವೆ; ಕಾಮಾಲೆಯಾಯಿತೆಂದು ಹೆದರಬೇಕಾಗಿಲ್ಲ.

ಈಗ ಎಲ್ಲರ ಕೈಯ ಕಡತದಲ್ಲಿ ಕಾಣುವ ಓ.ಸಿ.ಟಿ. ಸ್ಕ್ಯಾನ್ ಬಂದದ್ದು ಬಹಳ ಈಚೆಗೆ. ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮುಂತಾದವರು ಇದನ್ನು 1991ರಲ್ಲಿ ಪ್ರಕಟಿಸಿದರು. ಈ ಮೂವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿನಲ್ಲಿ ಶಬ್ದದ ತರಂಗ ಒಳಹೋಗಿ ಮರಳುತ್ತದೆ. ಇಲ್ಲಿ ಆ ಕೆಲಸವನ್ನು ಬೆಳಕು ಮಾಡುತ್ತದೆ. ಎಕ್ಸ್-ರೇ ಇಲ್ಲ, ಸೂಜಿಯಿಲ್ಲ, ಕಣ್ಣನ್ನು ಮುಟ್ಟುವುದೂ ಇಲ್ಲ. ಗಲ್ಲವನ್ನು ಆಸರೆಯ ಮೇಲಿಟ್ಟು ಒಂದು ಚುಕ್ಕೆಯನ್ನು ನೋಡುತ್ತಿದ್ದರೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಬಾವಿ ತೋಡುವಾಗ ಕರಿಮಣ್ಣು, ಗರಸು, ಕಲ್ಲು ಒಂದರ ಕೆಳಗೊಂದು ಕಾಣುವ ಹಾಗೆ ಅಕ್ಷಿಪಟಲದ ಪದರಗಳೆಲ್ಲ ಅಡ್ಡಕೊಯ್ತದಲ್ಲಿ ಕಾಣುತ್ತವೆ. ಸುಮಾರು ಐದು ಮೈಕ್ರಾನಿನಷ್ಟು ಸೂಕ್ಷ್ಮ ವ್ಯತ್ಯಾಸವನ್ನೂ ಇಂದಿನ ಯಂತ್ರಗಳು ಗುರುತಿಸಬಲ್ಲವು. ಊತವಿದ್ದರೆ ನಡುವಿನ ಗುಳಿ ಮಾಯವಾಗಿ ಅಲ್ಲೊಂದು ದಿಬ್ಬ ಎದ್ದಿರುತ್ತದೆ, ಒಳಗೆ ಕರಿಯ ಗುಳ್ಳೆಗಳಂತೆ ದ್ರವ ಕಾಣುತ್ತದೆ. ದಪ್ಪದ ನಕ್ಷೆಯಲ್ಲಿ ಆ ಜಾಗ ಸಾಮಾನ್ಯವಾಗಿ ಕೆಂಪು, ಬಿಳಿ ಬಣ್ಣಗಳಲ್ಲಿ ಎದ್ದು ತೋರುತ್ತದೆ.

ಈ ಚಿತ್ರ ಜನರ ಕೈಗೆ ಬಂದಮೇಲೆ ಒಂದು ಹೊಸ ಅಭ್ಯಾಸವೂ ಬಂದಿದೆ. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ದಪ್ಪದ ಅಂಕಿಗಳನ್ನು ಮಕ್ಕಳ ಅಂಕಪಟ್ಟಿಯಂತೆ ಹೋಲಿಸುವವರನ್ನು ನಾವು ದಿನವೂ ಕಾಣುತ್ತೇವೆ. ಕುತೂಹಲ ಒಳ್ಳೆಯದೇ. ಆದರೆ ಬೇರೆ ಬೇರೆ ಕಂಪನಿಯ ಯಂತ್ರಗಳು ಪದರದ ಅಂಚನ್ನು ಬೇರೆ ಬೇರೆ ಕಡೆ ಗುರುತಿಸುವುದರಿಂದ ಅದೇ ಕಣ್ಣಿಗೆ ಅದೇ ದಿನ ಬೇರೆ ಅಂಕಿ ಬರಬಹುದು. ಆದ್ದರಿಂದ ಸಾಧ್ಯವಾದಮಟ್ಟಿಗೆ ಒಂದೇ ಕಡೆ, ಒಂದೇ ಯಂತ್ರದಲ್ಲಿ ತೆಗೆಸುವುದು ಲೇಸು. ಊರು ಬದಲಿಸಬೇಕಾದರೆ ಹಳೆಯ ಚಿತ್ರಗಳನ್ನೆಲ್ಲ ಜೊತೆಯಲ್ಲಿ ಒಯ್ಯಬೇಕು.

ಚಿತ್ರ ಒಂದೇ, ನೋಟ ಒಂದೇ ಅಲ್ಲ

ಚುಚ್ಚುಮದ್ದು ಬರುವ ಮೊದಲು ಈ ಕಾಯಿಲೆಗೆ ಇದ್ದುದು ಲೇಸರ್. ಶಾಖೆಯ ತಡೆಯಲ್ಲಿ ಲೇಸರಿನಿಂದ ಒಂದಿಷ್ಟು ನೋಟ ಮರಳುತ್ತದೆಂದು 1984ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕೇಂದ್ರ ಅಭಿಧಮನಿ ಕಟ್ಟಿದವರಲ್ಲಿ ಲೇಸರ್ ಊತವನ್ನು ಇಳಿಸಿದರೂ ನೋಟವನ್ನು ಸುಧಾರಿಸುವುದಿಲ್ಲವೆಂದು 1995ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ಊತ ಇಳಿಯುವುದೂ ನೋಟ ಮರಳುವುದೂ ಒಂದಲ್ಲವೆಂಬ ಮಾತು ಹೀಗೆ ಹಳೆಯದೇ.

ಅದನ್ನು ಎಲ್ಲಕ್ಕಿಂತ ನಿಚ್ಚಳವಾಗಿ ತೋರಿಸಿದುದು ಕ್ರೂಸ್ ಎಂಬ ಅಧ್ಯಯನವೆಂದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ ನಡೆದು, 2010ರಲ್ಲಿ ಇದರ ಮೊದಲ ಫಲಿತಾಂಶ ಹೊರಬಂದಿತು. ಕೇಂದ್ರ ಅಭಿಧಮನಿ ಕಟ್ಟಿಕೊಂಡು ಮ್ಯಾಕ್ಯುಲಾ ಊದಿದ್ದ 392 ಜನರು ಇದರಲ್ಲಿದ್ದರು. ಕೆಲವರಿಗೆ ಮೊದಲ ತಿಂಗಳಿಂದಲೇ ರಾನಿಬಿಜುಮಾಬ್ ಎಂಬ ಔಷಧವನ್ನು ತಿಂಗಳಿಗೊಮ್ಮೆ ಕೊಟ್ಟರು. ಉಳಿದವರಿಗೆ ಮೊದಲ ಆರು ತಿಂಗಳು ಸೂಜಿಯಿಲ್ಲದ ಸಿರಿಂಜನ್ನು ಕಣ್ಣಿಗೆ ಒತ್ತಿ, ಔಷಧ ಕೊಟ್ಟಂತೆ ಮಾಡಿದರು. ಆರು ತಿಂಗಳ ನಂತರ ಅವರಿಗೂ ನಿಜವಾದ ಔಷಧ ದೊರೆಯಿತು. ಆರಂಭದಲ್ಲಿ ಎಲ್ಲರ ಮ್ಯಾಕ್ಯುಲಾದ ದಪ್ಪ ಸರಾಸರಿ 680 ಮೈಕ್ರಾನಿನ ಆಸುಪಾಸಿನಲ್ಲಿತ್ತು. ವರ್ಷದ ಕೊನೆಗೆ ಮೊದಲಿನಿಂದಲೇ ಪೂರ್ಣ ಪ್ರಮಾಣದ ಔಷಧ ಪಡೆದವರಲ್ಲಿ ಅದು ಸುಮಾರು 460 ಮೈಕ್ರಾನ್ ಇಳಿದಿತ್ತು, ತಡವಾಗಿ ಪಡೆದವರಲ್ಲಿ ಸುಮಾರು 430. ಚಿತ್ರಗಳನ್ನು ಮಾತ್ರ ನೋಡಿದ್ದರೆ ಎರಡೂ ಗುಂಪು ಸರಿಸಮಾನವೆಂದೇ ಹೇಳಬೇಕಾಗಿತ್ತು. ಆದರೆ ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಓದಿಸಿದಾಗ ಮೊದಲಿನವರು ಸರಾಸರಿ 13.9 ಅಕ್ಷರಗಳನ್ನು ಹೆಚ್ಚಾಗಿ ಓದಿದರು, ತಡವಾದವರು 7.3 ಅಕ್ಷರಗಳನ್ನು. ಈ ಪಟ್ಟಿಯಲ್ಲಿ ಸಾಲಿಗೆ ಐದು ಅಕ್ಷರ. ಊತ ಹೆಚ್ಚುಕಡಿಮೆ ಅಷ್ಟೇ ಇಳಿದಿದ್ದರೂ ತಡವಾದವರಿಗೆ ಮರಳಿದ ನೋಟ ಸುಮಾರು ಅರ್ಧ ಮಾತ್ರ. ಶಾಖೆಯ ತಡೆಯ ಮೇಲೆ ನಡೆದ ಬ್ರಾವೋ ಎಂಬ ಜೊತೆ ಅಧ್ಯಯನದಲ್ಲಿಯೂ ಇದೇ ಬಗೆ: ಮೊದಲಿನಿಂದ ಪಡೆದವರಿಗೆ 18.3 ಅಕ್ಷರ, ತಡವಾದವರಿಗೆ 12.1.

ಹೀಗೇಕಾಗುತ್ತದೆ? ಜವಳಾದ ಹೊಲದ ಮಾತಿಗೇ ಮರಳೋಣ. ಬಸಿಗಾಲುವೆಯ ಹೂಳೆತ್ತಿದರೆ ನಿಂತ ನೀರು ಕೆಲವೇ ದಿನಗಳಲ್ಲಿ ಇಳಿದುಹೋಗಬಹುದು. ದೂರದಿಂದ ನೋಡಿದವರಿಗೆ ಹೊಲ ಒಣಗಿದೆ. ಆದರೆ ಅಷ್ಟರಲ್ಲಿ ಮಣ್ಣು ಸವಳಾಗಿದ್ದರೆ ಬಿತ್ತಿದ ಬೀಜ ಮೊಳೆಯುವುದಿಲ್ಲ. ಅಕ್ಷಿಪಟಲದಲ್ಲಿ ಆ ಮಣ್ಣಿನ ಸ್ಥಾನದಲ್ಲಿರುವುದು ಬೆಳಕನ್ನು ಹಿಡಿಯುವ ಕೋಶಗಳು. ಸ್ಕ್ಯಾನಿನಲ್ಲಿ ಇವುಗಳ ಜಾಗದಲ್ಲಿ ಒಂದು ಬೆಳ್ಳನೆಯ ಗೆರೆ ಅಖಂಡವಾಗಿ ಸಾಗಬೇಕು. ಊತದೊಳಗೆ ತಿಂಗಳುಗಟ್ಟಲೆ ನೆನೆದ ಕಣ್ಣಿನಲ್ಲಿ ಆ ಗೆರೆ ಅಲ್ಲಲ್ಲಿ ತುಂಡಾಗಿರುತ್ತದೆ. ಮೇಲಿನ ಪದರಗಳ ಗಡಿಗಳು ಒಂದರಲ್ಲೊಂದು ಕಲಸಿಹೋಗಿರುವುದೂ ಉಂಟು. ಆದ್ದರಿಂದ ಅನುಭವಿ ವೈದ್ಯರು ದಪ್ಪದ ಅಂಕಿಗಿಂತ ಹೆಚ್ಚು ಹೊತ್ತು ಆ ಬಿಳಿಗೆರೆಯನ್ನು ದಿಟ್ಟಿಸುತ್ತಾರೆ. ಗೆರೆ ಉಳಿದಿದ್ದರೆ ನೋಟ ಮರಳುವ ಆಸೆ ಹೆಚ್ಚು, ಹರಿದಿದ್ದರೆ ಕಡಿಮೆ.

ಇನ್ನೊಂದು ಕಾರಣವೂ ಇದೆ. ಮ್ಯಾಕ್ಯುಲಾದ ಲೋಮನಾಳಗಳೇ ಮುಚ್ಚಿಹೋಗಿ ಆ ಜಾಗಕ್ಕೆ ರಕ್ತವೇ ತಲುಪದಿದ್ದರೆ, ಊತವೆಲ್ಲ ಇಳಿದರೂ ಕಣ್ಣು ಕಾಣುವುದಿಲ್ಲ. ಸಾಮಾನ್ಯ ಓ.ಸಿ.ಟಿ. ಚಿತ್ರ ಇದನ್ನು ನೇರವಾಗಿ ತೋರಿಸದು. ಇದಕ್ಕೆ ಫ್ಲೋರೆಸೀನ್ ಪರೀಕ್ಷೆ ಬೇಕು, ಅಥವಾ ಬಣ್ಣವಿಲ್ಲದೆಯೇ ರಕ್ತದ ಹರಿವನ್ನು ಗುರುತಿಸುವ ಓ.ಸಿ.ಟಿ. ಆಂಜಿಯೋಗ್ರಫಿ ಬೇಕು. ‘ಒಂದು ಸ್ಕ್ಯಾನ್ ಆಗಿದೆಯಲ್ಲ, ಮತ್ತೊಂದೇಕೆ’ ಎಂದು ಕೇಳುವವರಿಗೆ ಉತ್ತರ ಇದೇ.

ಚಿಕಿತ್ಸೆ ಆರಂಭಿಸಿದ ದಿನ ಕಣ್ಣಿಗೆ ಎಷ್ಟು ಕಾಣುತ್ತಿತ್ತು ಎಂಬುದೂ ಬಹಳ ಮುಖ್ಯ. ಚುಚ್ಚುಮದ್ದು ಇಲ್ಲದಿದ್ದ ಕಾಲದ, ಮೇಲೆ ಹೇಳಿದ ಕೇಂದ್ರ ಅಭಿಧಮನಿಯ ಅಧ್ಯಯನದಲ್ಲಿ, ಆರಂಭದಲ್ಲಿ 6/12 ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಿದ್ದವರಲ್ಲಿ ನೂರಕ್ಕೆ 65 ಜನ ಆ ಮಟ್ಟದಲ್ಲಿಯೇ ಉಳಿದರು. 6/60ಕ್ಕಿಂತ ಕೆಳಗಿದ್ದವರಲ್ಲಿ ನೂರಕ್ಕೆ 80 ಜನ ಅಲ್ಲಿಯೇ ಉಳಿದರು. ಆರಂಭದಲ್ಲಿ ರಕ್ತಸಂಚಾರ ಚೆನ್ನಾಗಿದ್ದ ಕಣ್ಣುಗಳಲ್ಲಿಯೂ ಮೂರು ವರ್ಷಗಳೊಳಗೆ ನೂರಕ್ಕೆ 34ರಲ್ಲಿ ಅದು ಕೆಟ್ಟಿತು.

ಎಷ್ಟು ಸಲ, ಯಾವ ಔಷಧ

‘ಎಷ್ಟು ಚುಚ್ಚುಮದ್ದು ಬೇಕಾಗುತ್ತವೆ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಬ್ರಿಟನ್ನಿನಲ್ಲಿ ಕೇಂದ್ರ ಅಭಿಧಮನಿಯ ತಡೆಯಿದ್ದ 463 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಲಿಯಾವೋ ಎಂಬ ಅಧ್ಯಯನದಲ್ಲಿ ನೂರು ವಾರಗಳಲ್ಲಿ, ಅಂದರೆ ಹತ್ತಿರ ಹತ್ತಿರ ಎರಡು ವರ್ಷಗಳಲ್ಲಿ, ಸರಾಸರಿ 10ರಿಂದ 12 ಚುಚ್ಚುಮದ್ದು ಬೇಕಾದವು. ಎರಡಕ್ಕೆ ಮುಗಿಯಿತೆಂದುಕೊಳ್ಳುವುದು ಎಷ್ಟು ತಪ್ಪೆಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಇದು ಜೀವಮಾನವಿಡೀ ತಪ್ಪದ ಕಟ್ಟಳೆಯೂ ಅಲ್ಲ. ರಾನಿಬಿಜುಮಾಬ್ ಪಡೆದವರನ್ನು ಸರಾಸರಿ ನಾಲ್ಕು ವರ್ಷ ಗಮನಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ ಶಾಖೆಯ ತಡೆಯವರಲ್ಲಿ ಅರ್ಧದಷ್ಟು ಜನರಿಗೂ ಕೇಂದ್ರದ ತಡೆಯವರಲ್ಲಿ ನೂರಕ್ಕೆ 44 ಜನರಿಗೂ ಕೊನೆಗೆ ಚುಚ್ಚುಮದ್ದಿನ ಅಗತ್ಯವೇ ಉಳಿಯಲಿಲ್ಲ.

ಔಷಧದ ಆಯ್ಕೆಯಲ್ಲಿ ಹಣದ ಪ್ರಶ್ನೆ ಬಂದೇ ಬರುತ್ತದೆ. ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್, ಬೆವಾಸಿಜುಮಾಬ್ ಮೂರೂ ಬಳಕೆಯಲ್ಲಿವೆ. ಬೆವಾಸಿಜುಮಾಬ್ ಮೂಲತಃ ಕ್ಯಾನ್ಸರಿನ ಔಷಧ. ಅದನ್ನು ಸಣ್ಣ ಪ್ರಮಾಣಗಳಾಗಿ ಹಂಚಿ ಕಣ್ಣಿಗೆ ಬಳಸುವುದರಿಂದ ಬಹಳ ಅಗ್ಗ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರು ತಿಂಗಳ ಕೊನೆಗೆ ಅಗ್ಗದ ಬೆವಾಸಿಜುಮಾಬ್ 18.6 ಅಕ್ಷರಗಳನ್ನೂ ದುಬಾರಿ ಅಫ್ಲಿಬರ್ಸೆಪ್ಟ್ 18.9 ಅಕ್ಷರಗಳನ್ನೂ ಮರಳಿಸಿದವು. ಲಿಯಾವೋ ಅಧ್ಯಯನದ ಎರಡು ವರ್ಷಗಳ ಲೆಕ್ಕದಲ್ಲಿ ಮಾತ್ರ ಅಫ್ಲಿಬರ್ಸೆಪ್ಟ್ 15.1, ರಾನಿಬಿಜುಮಾಬ್ 12.5, ಬೆವಾಸಿಜುಮಾಬ್ 9.8 ಅಕ್ಷರಗಳಷ್ಟು ಸುಧಾರಣೆ ತೋರಿದವು. ನಮ್ಮ ದೇಶದಲ್ಲಿಯೇ ತಯಾರಾದ ರಾನಿಬಿಜುಮಾಬಿನ ಸಮಾನ ಔಷಧವೊಂದು 2015ರಿಂದ ಕಡಿಮೆ ಬೆಲೆಗೆ ದೊರೆಯುತ್ತಿದೆ. ದುಬಾರಿ ಔಷಧದ ಎರಡು ಚುಚ್ಚುಮದ್ದು ಹಾಕಿಸಿಕೊಂಡು ಹಣ ಸಾಲದೆ ನಿಲ್ಲಿಸುವುದಕ್ಕಿಂತ, ಅಗ್ಗದ್ದನ್ನು ಬೇಕಾದಷ್ಟು ಸಲ ತಪ್ಪದೆ ಹಾಕಿಸಿಕೊಳ್ಳುವುದು ಮೇಲೆಂಬುದು ನಮ್ಮ ಅನುಭವ. ಮೊದಲ ದಿನವೇ ಸಂಕೋಚವಿಲ್ಲದೆ ವೈದ್ಯರೊಡನೆ ಹಣದ ಮಾತನಾಡಬೇಕು. ಇವಲ್ಲದೆ ಕಣ್ಣಿನೊಳಗೆ ಇರಿಸುವ ಸ್ಟಿರಾಯ್ಡ್ ಔಷಧವೂ ಇದೆ. ಅದರಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬಲಿಯಬಹುದು.

ಕಣ್ಣಿಗೆ ಸೂಜಿ ಎಂದೊಡನೆ ಎದೆ ನಡುಗುವುದು ಸಹಜ. ಮರಗಟ್ಟಿಸುವ ಹನಿ ಹಾಕಿ, ಅಯೋಡಿನ್ ದ್ರಾವಣದಿಂದ ಶುಚಿಗೊಳಿಸಿ, ಕಣ್ಣಿನ ಬಿಳಿಭಾಗದಲ್ಲಿ ಬಹಳ ಸಣ್ಣ ಸೂಜಿಯಿಂದ ಕೊಡುತ್ತಾರೆ. ಕೆಲವೇ ಕ್ಷಣಗಳ ಕೆಲಸ. ಒಳಗೆ ಸೋಂಕಾಗುವ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಆದರೆ ಕಣ್ಣೇ ಹೋಗಬಹುದು. ಚುಚ್ಚುಮದ್ದಾದ ಕೆಲವು ದಿನಗಳೊಳಗೆ ನೋವು ಏರುತ್ತ ಹೋದರೆ, ಕಣ್ಣು ಕೆಂಪಾಗಿ ನೋಟ ಮಸುಕಾದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ಆ ದಿನವೇ ಹೋಗಬೇಕು. ಈಚೆಗೆ ಹೃದಯಾಘಾತವೋ ಲಕ್ವವೋ ಆಗಿದ್ದರೆ ಚುಚ್ಚುಮದ್ದಿಗೆ ಮುನ್ನ ತಿಳಿಸಬೇಕು. ಹೃದಯಕ್ಕಾಗಿ ತೆಗೆದುಕೊಳ್ಳುತ್ತಿರುವ ಆಸ್ಪಿರಿನ್ ಮಾತ್ರೆಯನ್ನು, ಕಣ್ಣಿನಲ್ಲಿ ರಕ್ತ ಕಂಡಿತೆಂದು ತಾವಾಗಿಯೇ ನಿಲ್ಲಿಸಬಾರದು.

ಚಿತ್ರ ಹೇಳದ ಇನ್ನೊಂದು ಅಪಾಯವನ್ನೂ ತಿಳಿಸಬೇಕು. ಕೇಂದ್ರ ಅಭಿಧಮನಿ ಪೂರ್ತಿ ಕಟ್ಟಿದ ಕಣ್ಣಿನಲ್ಲಿ ಪಾಪೆಯ ಸುತ್ತಲೂ ಹೊಸ ರಕ್ತನಾಳಗಳು ಬೆಳೆದು, ಕಣ್ಣಿನ ಒತ್ತಡ ವಿಪರೀತ ಏರುವುದುಂಟು. ಮೂರು ತಿಂಗಳ ಸುಮಾರಿಗೆ ಕಾಣಿಸಿಕೊಳ್ಳುವುದರಿಂದ ಇದನ್ನು ತೊಂಬತ್ತು ದಿನದ ಗ್ಲಾಕೋಮಾ ಎಂದೇ ಕರೆಯುತ್ತ ಬಂದಿದ್ದಾರೆ. ಇದರ ನೋವು ಸಹಿಸಲಸಾಧ್ಯ. ಮ್ಯಾಕ್ಯುಲಾದ ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಇದು ಅದರಲ್ಲಿ ಕಾಣುವುದಿಲ್ಲ. ವೈದ್ಯರೇ ದೀಪದ ಯಂತ್ರದಲ್ಲಿ, ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲು, ಪರೀಕ್ಷಿಸಬೇಕು. ‘ಸ್ಕ್ಯಾನ್ ಸೆಂಟರಿನಲ್ಲಿ ಚಿತ್ರ ತೆಗೆಸಿ ಮೊಬೈಲಿನಲ್ಲಿ ಕಳಿಸುತ್ತೇವೆ, ನೋಡಿ ಹೇಳಿ’ ಎನ್ನುವವರಿಗೆ ನಾವು ಒಪ್ಪದಿರುವುದು ಇದಕ್ಕಾಗಿಯೇ.

ಇನ್ನು ಮನೆಯಲ್ಲಿ ಮಾಡಬೇಕಾದುದು. ಕಣ್ಣಿನಲ್ಲಿ ಕಾಣಿಸಿಕೊಂಡರೂ ಈ ಕಾಯಿಲೆಯ ಬೇರು ಬಹುಮಟ್ಟಿಗೆ ರಕ್ತದೊತ್ತಡ, ಮಧುಮೇಹ, ರಕ್ತದ ಕೊಬ್ಬು, ಧೂಮಪಾನಗಳಲ್ಲಿದೆ. ಗ್ಲಾಕೋಮಾ ಇರುವವರಿಗೂ ಸಂಭವ ಹೆಚ್ಚು. ಚುಚ್ಚುಮದ್ದು ಒಂದು ಕಣ್ಣಿನ ಊತವನ್ನು ಇಳಿಸುತ್ತದೆ. ಇನ್ನೊಂದು ಕಣ್ಣನ್ನು, ಹೃದಯವನ್ನು, ಮೆದುಳನ್ನು ಕಾಯುವುದು ರಕ್ತದೊತ್ತಡದ ಆ ಚಿಕ್ಕ ಮಾತ್ರೆ. ಚಿಕ್ಕ ವಯಸ್ಸಿನವರಿಗೆ ಈ ತಡೆ ಕಾಣಿಸಿಕೊಂಡರೆ ರಕ್ತ ಹೆಪ್ಪುಗಟ್ಟುವ ದೋಷಗಳಿಗಾಗಿಯೂ ಪರೀಕ್ಷಿಸಬೇಕಾಗುತ್ತದೆ. ಕಣ್ಣಿಗೆ ಹರಳೆಣ್ಣೆ, ಜೇನುತುಪ್ಪ ಬಿಡುವುದರಿಂದ ಹಿಂಬದಿಯ ಈ ಕಾಯಿಲೆಗೆ ಪ್ರಯೋಜನವಿಲ್ಲ. ಸೋಂಕು ತಗಲುವ ಭಯವುಂಟು, ಅದಕ್ಕಿಂತ ಹೆಚ್ಚಾಗಿ ದಿನಗಳು ಕಳೆದುಹೋಗುತ್ತವೆ.

ನಲವತ್ತು ದಾಟಿದವರು, ಅದರಲ್ಲಿಯೂ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇರುವವರು, ವಾರಕ್ಕೊಮ್ಮೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಓದುವ ಕನ್ನಡಕವಿದ್ದರೆ ಹಾಕಿಕೊಂಡು, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಬೇಕು. ಎರಡು ಕಣ್ಣಿಗೂ ತಾರೀಖುಗಳು ಒಂದೇ ತರಹ ಕಾಣುತ್ತವೆಯೇ, ಚೌಕದ ಗೆರೆಗಳು ನೇರವಾಗಿವೆಯೇ, ಎಲ್ಲಾದರೂ ಮಸುಕು ಅಂಟಿದೆಯೇ ಎಂದು ಗಮನಿಸಬೇಕು. ಒಂದು ಕಣ್ಣಿನ ದೋಷವನ್ನು ಇನ್ನೊಂದು ಕಣ್ಣು ಮರೆಮಾಡುವುದರಿಂದಲೇ ಎಷ್ಟೋ ಜನ ತಡವಾಗಿ ಬರುತ್ತಾರೆ. ವ್ಯತ್ಯಾಸ ಕಂಡರೆ ಅದೇ ವಾರದಲ್ಲಿ ಅಕ್ಷಿಪಟಲದ ಪರೀಕ್ಷೆ ಮಾಡಬಲ್ಲ ಆಸ್ಪತ್ರೆಗೆ ಹೋಗಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುವುದರಿಂದ ಬೈಕ್ ಓಡಿಸಿಕೊಂಡು ಒಬ್ಬರೇ ಹೋಗುವುದು ಬೇಡ, ಜೊತೆಗೊಬ್ಬರು ಇರಲಿ.

ನಮ್ಮ ಶಿಕ್ಷಕರು ಈಗ ತಪ್ಪದೆ ಬರುತ್ತಿದ್ದಾರೆ. ರಕ್ತದೊತ್ತಡ ಹಿಡಿತದಲ್ಲಿದೆ. ಬಲಗಣ್ಣಿಗೆ ಪತ್ರಿಕೆಯ ತಲೆಬರಹಗಳು ಕಾಣುತ್ತವೆ, ಒಳಗಿನ ಸಣ್ಣ ಅಕ್ಷರಗಳು ಕಾಣುವುದಿಲ್ಲ. ಕೊನೆಯ ಚುಚ್ಚುಮದ್ದಾಗಿ ನಾಲ್ಕು ತಿಂಗಳಾಯಿತು, ಊತ ಮರಳಿಲ್ಲ. ಕಳೆದ ಸಲ ಚಿತ್ರ ನೋಡಿದ ಮೇಲೆ ‘ಒಣಗಿದೆ’ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ‘ಊತ ಸದ್ಯಕ್ಕೆ ಇಳಿದಿದೆ, ಆರು ವಾರಕ್ಕೆ ಮತ್ತೆ ನೋಡಬೇಕು’ ಎಂದು ವರದಿಯ ಮೇಲೆಯೇ ಕನ್ನಡದಲ್ಲಿ ಬರೆದು, ಅವರ ಮಗನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆವು.